ಸೊಸೆಯ ಕಾಲುದ್ದ

ಕಣಕಟ್ಟೆಯ ಸುತ್ತಿನ ಕೆಲವು ಊರುಗಳಲ್ಲಿ ಚಪ್ಪರಕ್ಕೆಂದು ತೆಂಗಿನ ಹಸಿ ಗರಿ ಕತ್ತರಿಸುವಾಗ ಒಂದು ಅಳತೆಯನ್ನು ಪಾಲಿಸುತ್ತಾರೆ. ಗರಿಯನ್ನು ಕಾಂಡಕ್ಕೆ ಹತ್ತಿಸಿ ಕತ್ತರಿಸುವುದಿಲ್ಲ. ಅಂಗಾಲಿನಿಂದ ಸೊಂಟದವರೆಗಿನ ಉದ್ದದಷ್ಟು ದಂಟನ್ನು ಮರದಲ್ಲೇ ಬಿಟ್ಟು ಅದರಾಚೆಗೆ ಕತ್ತರಿಸುತ್ತಾರೆ. ಇದಕ್ಕೆ ಅಲ್ಲಿಯವರು ಸೊಸೆಯ ಕಾಲುದ್ದ ಎನ್ನುತ್ತಾರೆ. ಮಾತು ಅಜ್ಜಿಯ ಕಾಲದ್ದೆಂದು ಕೇಳಿಸಿದರೂ ಅದರ ಹಿಂದಿನ ಕಥೆ ಹಳೆಯದಲ್ಲ. ಅದರಲ್ಲಿ ಬ್ಯಾಟರಿ ಗರಗಸವಿದೆ. ಗಂಡಿನ ಊರಿನವರು ಹೇಳುವುದಕ್ಕೂ ಹೆಣ್ಣಿನ ತವರಾದ ಹಳೇಬೀಡಿನವರು ಹೇಳುವುದಕ್ಕೂ ಕೊನೆಯಲ್ಲಿ ಸ್ವಲ್ಪ ವ್ಯತ್ಯಾಸವಿದೆ. ಅಲ್ಲಿಯವರೆಗೆ ಎರಡೂ ಕಡೆಯ ಕಥೆ ಒಂದೇ.

ಕಣಕಟ್ಟೆಯ ಬಳಿಯ ಒಂದು ಊರಿನಲ್ಲಿ ಮರುಳಪ್ಪ ಎಂಬ ತೆಂಗಿನ ಬೆಳೆಗಾರರಿದ್ದರು. ಅವರ ಹೆಂಡತಿ ರುದ್ರಮ್ಮ. ಮಗ ಶರತ್ಚಂದ್ರ ಅರಸೀಕೆರೆಯಲ್ಲಿ ನೌಕರಿಯಲ್ಲಿದ್ದು ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದ. ಅವನಿಗೆ ಹಳೇಬೀಡಿನ ಪ್ರತಿಮಾಳನ್ನು ತಂದರು. ಮದುವೆ ನಡೆದದ್ದು ಅರಸೀಕೆರೆಯ ಕಲ್ಯಾಣ ಮಂಟಪದಲ್ಲಿ. ಆದರೆ ಸೊಸೆ ಹಸಿರು ಚಪ್ಪರದ ಕೆಳಗೆ ನಡೆದೇ ಹೊಸ್ತಿಲು ದಾಟಬೇಕೆಂದು ರುದ್ರಮ್ಮ ಹಟ ಹಿಡಿದಿದ್ದರು. ಮರ ಹತ್ತುವವರು ಕರೆದಾಗ ಸಿಗುವ ಕಾಲವಲ್ಲ. ಹೀಗಾಗಿ ಗಂಡಸಿಯಿಂದ ಪುಟ್ಟರಾಜುವನ್ನು ಕರೆಸಿದರು.

ಪುಟ್ಟರಾಜು ಯಾರ ಕೈಕೆಳಗೂ ಇಲ್ಲದೆ ತಾನೇ ಕಸುಬು ಕಟ್ಟಿಕೊಂಡವನು. ಬೇಲೂರಿನಲ್ಲಿ ಮನೆಯ ಮೇಲೆ ವಾಲಿದ ಹಲಸು, ಹಳೇಬೀಡಿನಲ್ಲಿ ಶಾಲೆಯ ಕಾಂಪೌಂಡಿಗೆ ಒರಗಿದ ಮಳೆಮರ, ಎಲ್ಲಿಯ ಕರೆ ಬಂದರೂ ತನ್ನ ಗಾಡಿಯಲ್ಲಿ ಹೋಗುತ್ತಿದ್ದ. ಹಗ್ಗದ ಸುರುಳಿ, ಸೊಂಟದ ಬೆಲ್ಟು, ಹೆಲ್ಮೆಟ್ಟು, ಉದ್ದ ಕೋಲಿನ ತುದಿಗೆ ಕೂರುವ ಬ್ಯಾಟರಿ ಗರಗಸ, ಗಾಯಕ್ಕೆ ಬಳಿಯುವ ಬಣ್ಣ, ಇವೆಲ್ಲವೂ ಅವನ ಗಾಡಿಯಲ್ಲಿ ಇರುತ್ತಿದ್ದವು. ವೈದ್ಯರ ಸ್ಟೆತಾಸ್ಕೋಪ್ ಒಂದನ್ನೂ ಇಟ್ಟುಕೊಂಡಿದ್ದ. ಕಾಂಡದೊಳಗೆ ಹುಳು ಕೊರೆಯುವ ಸದ್ದನ್ನು ಅದರಲ್ಲಿ ಕೇಳುತ್ತಿದ್ದ. ಜನ ಅವನನ್ನು ಮರದ ಡಾಕ್ಟ್ರು ಎನ್ನುತ್ತಿದ್ದರು. ಒಂದು ಮರದ ಸೋಂಕು ಇನ್ನೊಂದಕ್ಕೆ ದಾಟದಿರಲೆಂದು ಮರದಿಂದ ಮರಕ್ಕೆ ಹೋಗುವಾಗ ಗರಗಸದ ಹಲ್ಲನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದ. ಆ ಒರೆಸುವಿಕೆಯನ್ನು ನೋಡಿಯೇ ಜನರಿಗೆ ಅವನ ಮೇಲೆ ನಂಬಿಕೆ ಬರುತ್ತಿತ್ತು.

ಚಪ್ಪರಕ್ಕೆ ಎಳೆಯ ಮರಗಳ ಗರಿ ಬೇಕು. ಅವು ಉದ್ದ, ಕೈಗೂ ಹತ್ತಿರ. ಪುಟ್ಟರಾಜು ರಸ್ತೆಬದಿಯ ಸಾಲಿನ ಮರಗಳ ಗರಿಗಳನ್ನು ಕಾಂಡದ ಮೈಗೆ ಸಮವಾಗಿ ಕತ್ತರಿಸಿದ. ಹಲಸಿಗೆ, ಮಾವಿಗೆ ಕೊಂಬೆಯ ಮೋಟು ಬಿಟ್ಟರೆ ಕೊಳೆತು ಒಳಗಿಳಿಯುತ್ತದೆಂಬುದು ಅವನ ಕಸುಬಿನ ಮೊದಲ ಪಾಠ. ಬಾವಿಯ ಬಳಿಯ ಮರಗಳಿಂದ ಮರುಳಪ್ಪನವರೇ ದೋಟಿಗೆ ಕುಡುಗೋಲು ಕಟ್ಟಿ ಕೆಲವು ಗರಿ ಎಳೆದರು. ತೋಳು ಸೋತು ಅರ್ಧಕ್ಕೇ ತುಂಡಾದದ್ದರಿಂದ ಉದ್ದುದ್ದ ಮೋಟುಗಳು ಉಳಿದವು.

"ಯಜಮಾನ್ರು ಕ್ಷೌರ ಮಾಡಿದ್ರೆ ಅರ್ಧ ಮೀಸೆ ಹಂಗೇ ಉಳೀತದೆ" ಎಂದು ಪುಟ್ಟರಾಜು ನಕ್ಕ.

"ನಿನ್ ಕೆಲ್ಸ ನೀನು ನೋಡ್ಲಾ" ಎಂದರು ಮರುಳಪ್ಪ. ಆದರೂ ರಸ್ತೆಸಾಲಿನ ನುಣುಪನ್ನು ಬಂದವರಿಗೆಲ್ಲ ತೋರಿಸಿದವರು ಅವರೇ.

ಗರಿ ಇನ್ನೂ ಸಾಲಲಿಲ್ಲ. ಬೇಲಿಯಾಚೆಯ ತೋಟ ಚಿದಂಬರನದು. ಬದುವಿನ ವಿಷಯದಲ್ಲಿ ಅವನಿಗೂ ಮರುಳಪ್ಪನವರಿಗೂ ಮಾತು ನಿಂತು ಕಾಲವಾಗಿತ್ತು. ಆದರೂ ಮದುವೆ ಕೆಲಸಕ್ಕೆ ಇಲ್ಲ ಅನ್ನಬಾರದೆಂದು ಅವನು ಬೇಲಿಯ ಪಕ್ಕದ ಎರಡು ಮರಗಳನ್ನು ತೋರಿಸಿದ. ಪುಟ್ಟರಾಜು ಅವುಗಳನ್ನೂ ಅಷ್ಟೇ ನುಣುಪಾಗಿ ಬೋಳಿಸಿದ. ಪ್ರತಿಮಾ ಆ ಚಪ್ಪರದ ಕೆಳಗೆ ನಡೆದು ಮನೆ ತುಂಬಿದಳು.

ಶ್ರಾವಣ ಕಳೆಯುವಷ್ಟರಲ್ಲಿ ರಸ್ತೆಸಾಲಿನ ಒಂದು ಮರದ ಸುಳಿ ವಾಲಿತು. ಪುಟ್ಟರಾಜು ಬಂದು ಕಾಂಡಕ್ಕೆ ಸ್ಟೆತಾಸ್ಕೋಪ್ ಇಟ್ಟು, ಕಣ್ಣು ಮುಚ್ಚಿ ಕೇಳಿದ. ರಂಧ್ರದಿಂದ ಕಂದು ರಸ ಇಳಿಯುತ್ತಿತ್ತು. ಕೆಂಪು ಮೂತಿ ಹುಳು ಎಂದ. ರಂಧ್ರ ಬಿಡಿಸಿ, ಹೆಬ್ಬೆರಳು ಗಾತ್ರದ ಮರಿಗಳನ್ನು ಹೊರತೆಗೆದು, ಔಷಧಿ ಹೊಯ್ದು, ಜೇಡಿಮಣ್ಣಿನಿಂದ ಮೆತ್ತಿದ. ಮರ ಉಳಿಯಲಿಲ್ಲ. ಸ್ವಲ್ಪ ದಿನಕ್ಕೆ ಪಕ್ಕದ ಮರಕ್ಕೂ ಹುಳು ಹಿಡಿಯಿತು, ಆಮೇಲೆ ಅದರಾಚೆಯದಕ್ಕೆ.

ಮರುಳಪ್ಪನವರಿಗೆ ಚಿದಂಬರನ ಮೇಲೆ ಅನುಮಾನ. ಮರದ ಬೇರಿಗೆ ಇಂಗು ಹೂತರೆ ಮರ ಒಣಗುತ್ತದೆಂಬ ಮಾತನ್ನು ಅವರು ಚಿಕ್ಕಂದಿನಿಂದ ಕೇಳಿದ್ದರು. ದಿನವೂ ಬೆಳಿಗ್ಗೆ ಬುಡದ ಮಣ್ಣನ್ನು ಹಿಡಿಯಲ್ಲಿ ತೆಗೆದು ಮೂಸುತ್ತಿದ್ದರು.

ರುದ್ರಮ್ಮನವರ ಅನುಮಾನ ಬೇರೆ ಕಡೆ ಹೋಗಿತ್ತು. ಆ ಗಿಡಗಳು ಸಣ್ಣವಿದ್ದಾಗ ಬಾವಿಯಿಂದ ಕೊಡ ಹೊತ್ತು ನೀರು ಹಾಕಿದವರು ಅವರು. ಅವರು ಸೊಸೆಯನ್ನು ನೇರವಾಗಿ ಏನೂ ಅನ್ನುತ್ತಿರಲಿಲ್ಲ. ಅವಳಿಗೆ ಕೇಳಿಸುವಷ್ಟು ದೂರದಲ್ಲಿ ನಿಂತು ಪುಟ್ಟರಾಜುವನ್ನು ಕೇಳಿದರು: "ಇಷ್ಟ್ ವರ್ಷ ಇಲ್ದಿದ್ದ ಹುಳ ಈ ವರ್ಷ ಎಲ್ಲಿಂದ ಬತ್ತಪ್ಪ? ಹೊಸ ಕಾಲ್ಗುಣದಿಂದ ಹಿಂಗೆ ಆಗೋದು ಉಂಟಾ?"

ಪುಟ್ಟರಾಜು ಹಗ್ಗ ಸುತ್ತುತ್ತ ತಲೆಯೆತ್ತದೆ ಹೇಳಿದ: "ಅದು ನನ್ ಇಲಾಖೆ ಅಲ್ಲ ಅಮ್ಮಾವ್ರೆ."

ಬಾಗಿಲ ಮರೆಯಲ್ಲಿದ್ದ ಪ್ರತಿಮಾಳ ಮನಸ್ಸಿನಲ್ಲಿ ಈ ಮಾತು ನಾಟಿತು. ಅಲ್ಲ ಎನ್ನಲು ಒಂದು ಮಾತು ಸಾಕಿತ್ತು. ಅವನು ಏಕೆ ಅನ್ನಲಿಲ್ಲ? ಅಂದಿನಿಂದ ಅವಳು ಅವನನ್ನು ಗಮನಿಸತೊಡಗಿದಳು. ಅವನು ಬಂದುಹೋದ ಮೇಲೆಯೇ ಮುಂದಿನ ಮರಕ್ಕೆ ಹುಳು ಹಿಡಿಯುತ್ತದೆಂದು ಅವಳಿಗೆ ತೋರಿತು. ಒಂದು ದಿನ ಅವನ ಚೀಲದ ಬಾಯಿ ತೆರೆದಿತ್ತು. ಒಳಗೆ ಮುಚ್ಚಳಕ್ಕೆ ತೂತು ಹೊಡೆದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಜೀವಂತ ಹುಳುಗಳು. ಸಂಜೆ ಗಂಡನಿಗೆ ಹೇಳಿದಳು. ಮುಂದಿನ ಸಲ ಅವನು ಬಂದಾಗ ಶರತ್ಚಂದ್ರ ಕೇಳಿದ.

"ಬೇರೆ ತೋಟದೋರ್ಗೆ ತೋರ್ಸಕ್ಕೆ ಸ್ವಾಮಿ. ಸತ್ತ ಹುಳ ತೋರ್ಸಿದ್ರೆ ಯಾರೂ ಹೆದ್ರಲ್ಲ" ಎಂದ ಪುಟ್ಟರಾಜು.

ಅದು ನಿಜವೇ ಆಗಿತ್ತು. ಆದರೆ ಆ ಮಾತು ಪ್ರತಿಮಾಳ ಮೇಲೇ ತಿರುಗಿತು. "ನೋಡ್ದೇನೋ" ಎಂದರು ರುದ್ರಮ್ಮ ಮಗನಿಗೆ, "ತನ್ ಮೇಲಿಂದು ಜಾಡುಸ್ಕಳಕ್ಕೆ ಮರ ಉಳ್ಸಕ್ಕೆ ಬಂದೋನ್ ಮೇಲೆ ಹಾಕ್ತಾಳೆ." ಶರತ್ಚಂದ್ರ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದ.

ದೀಪಾವಳಿ ಹತ್ತಿರ ಬಂತು. ಹಬ್ಬಕ್ಕೆ ಸೊಸೆ ತವರಿಗೆ ಹೋಗುವುದು ವಾಡಿಕೆ. ಹಬ್ಬ ಮುಗಿದ ಮೇಲೆ ಗಂಡನ ಮನೆಯಿಂದ ಯಾರಾದರೂ ಹೋಗಿ ಕರೆತರಬೇಕು, ಕರೆಯದೆ ಅವಳು ಬರುವಂತಿಲ್ಲ. ರುದ್ರಮ್ಮನವರು ತಾವೇ ಮುಂದಾಗಿ ಬ್ಯಾಗು ತುಂಬಿದರು. "ನಾಳೆ ಹೋಗ್ಬಾರಮ್ಮ. ಆಮೇಲೆ ಕರ್ಕಂಡ್ ಬರಾಕೆ ಯಾರ್ನಾದ್ರೂ ಕಳುಸ್ತೀವಿ" ಎಂದರು. ಪ್ರತಿಮಾ ಬ್ಯಾಗು ಎತ್ತಿ ನೋಡಿದಳು, ಭಾರವಾಗಿತ್ತು. ಬಿಚ್ಚಿದಾಗ ಕಂಡದ್ದು ಅವಳ ಎಲ್ಲ ಸೀರೆಗಳು. ತಳದಲ್ಲಿ ಮಡಿಸಿಟ್ಟ ಧಾರೆ ಸೀರೆ. ಹಬ್ಬಕ್ಕೆ ಹೋಗುವವರು ಧಾರೆ ಸೀರೆ ಒಯ್ಯುವುದಿಲ್ಲ. ಯಾರೂ ಕರೆಯಲು ಬರುವುದಿಲ್ಲವೆಂದು ಅವಳಿಗೆ ಆಗ ಗೊತ್ತಾಯಿತು.

ಅದೇ ದಿನ ಮಧ್ಯಾಹ್ನ ಪುಟ್ಟರಾಜು ತೋಟಕ್ಕೆ ಬಂದಿದ್ದ. ಕೆಲಸ ಮುಗಿಸಿದವನು ರಸ್ತೆಯ ಕಡೆಗೆ ಹೋಗಲಿಲ್ಲ. ಹಿಂದೆ ಮುಂದೆ ನೋಡಿ, ಬೇಲಿಯ ಸಂದಿನಲ್ಲಿ ಬಗ್ಗಿ ಚಿದಂಬರನ ತೋಟಕ್ಕೆ ದಾಟಿದ. ಹಿತ್ತಲಲ್ಲಿದ್ದ ಪ್ರತಿಮಾ ಅದನ್ನು ಕಂಡಳು. ಬೇಲಿಯವರೆಗೂ ಸದ್ದಿಲ್ಲದೆ ಹೋಗಿ ನಿಂತಳು. ಆಚೆ ಚಿದಂಬರ ಕಾಯುತ್ತಿದ್ದ.

"ಮೆಲ್ಲುಗ್ ಮಾತಾಡು ಮಾರಾಯ. ಅವ್ರ್ ಕಿವೀಗ್ ಬಿದ್ರೆ ನನ್ ತೋಟದಿಂದ್ಲೇ ಹುಳ ಬಂತು ಅಂತಾರೆ. ಮೊದ್ಲೇ ಆವಯ್ಯ ಮಣ್ ಮೂಸ್ಕಂಡ್ ತಿರುಗ್ತಾ ಅವ್ನೆ."

ಪುಟ್ಟರಾಜು ಬೇಲಿ ಪಕ್ಕದ ಮರಕ್ಕೆ ಸ್ಟೆತಾಸ್ಕೋಪ್ ಇಟ್ಟ. ಪ್ರತಿಮಾ ತಲೆಯೆತ್ತಿ ಆ ಮರವನ್ನು ನೋಡಿದಳು. ಸುಳಿ ಹಳದಿಯಾಗಿತ್ತು. ಅದರ ಕೆಳಗೆ ಗರಿ ಕತ್ತರಿಸಿದ ಗುರುತುಗಳು, ತಟ್ಟೆಯಂತೆ ಸಮ; ಅವುಗಳ ಅಂಚಿನಿಂದಲೇ ಕಂದು ರಸ ಇಳಿದಿತ್ತು. ಅಂಥದೇ ಗುರುತು ತಮ್ಮ ರಸ್ತೆಸಾಲಿನಲ್ಲಿ ಪ್ರತಿ ಮರದ ಮೇಲೂ ಇತ್ತು.

ಅವಳು ಮನೆಗೆ ಹೋಗಿ ಅತ್ತೆಯ ಕೈ ಹಿಡಿದಳು. "ಅತ್ತೆ, ನಾಳೆ ಹೋಗ್ತೀನಿ. ಅದಕ್ ಮುಂಚೆ ಒಂದ್ಸಲ ನನ್ ಜೊತೆ ಬನ್ನಿ." ಜಗಲಿಯ ಮೇಲಿದ್ದ ಮಾವನನ್ನೂ ಕರೆದಳು.

ಮೂವರೂ ಬೇಲಿಯ ಸಂದಿನಿಂದ ಬಂದದ್ದನ್ನು ಕಂಡು ಚಿದಂಬರ ಮರಕ್ಕೆ ಅಡ್ಡ ನಿಂತ. ಪ್ರತಿಮಾ ಪುಟ್ಟರಾಜುವಿನ ಕೊರಳಿನಿಂದ ಸ್ಟೆತಾಸ್ಕೋಪ್ ತೆಗೆದು ಅತ್ತೆಯ ಕಿವಿಗಿಟ್ಟು, ತುದಿಯನ್ನು ಕಾಂಡಕ್ಕೆ ಒತ್ತಿದಳು. ರುದ್ರಮ್ಮನವರ ಮುಖ ಬಿಗಿಯಿತು. ಒಳಗೆ ಯಾರೋ ಒಣ ರೊಟ್ಟಿ ಅಗಿಯುವಂತಹ ಸದ್ದು.

"ಈ ತೋಟಕ್ಕೆ ನಾನು ಯಾವತ್ತಾದ್ರೂ ಕಾಲಿಟ್ಟಿದ್ದೀನಾ, ಅತ್ತೆ?"

ಪ್ರತಿಮಾ ಚಿದಂಬರನ ಕಡೆ ತಿರುಗಿದಳು. "ಈ ಗರಿ ಯಾವಾಗ ಕುಯ್ದಿದ್ದು, ಚಿಕ್ಕಪ್ಪ?"

"ನಿನ್ ಮದ್ವೆ ಚಪ್ಪರಕ್ಕೇ ಕಣಮ್ಮ ಕೊಟ್ಟಿದ್ದು."

"ಅಲ್ಲಿಗೆ ಬಂತು ನೋಡು" ಎಂದರು ರುದ್ರಮ್ಮ, ಸ್ಟೆತಾಸ್ಕೋಪ್ ಕಿತ್ತುಹಾಕಿ. "ಇವ್ಳ್ ಮದ್ವೆಗ್ ಗರಿ ಕೊಟ್ಟ ಪಾಪಕ್ಕೆ ಪಕ್ಕದೋರ್ ಮರಾನೂ ಹೋಯ್ತು."

ತಾನೇ ತೋಡಿದ ಹಳ್ಳದ ಅಂಚಿನಲ್ಲಿ ಅವಳು ನಿಂತಿದ್ದಳು. ಕಾಂಡದ ಮೇಲಿನ ಸಮ ಗುರುತುಗಳನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ಮಾವನನ್ನು ಕೇಳಿದಳು: "ಮಾವ, ಚಪ್ಪರದ್ ಗರಿ ಎಲ್ಲಾ ಇವ್ರೇ ಕುಯ್ದಿದ್ದಾ?"

"ಬಾವಿ ಹತ್ರದ್ದು ನಾನೇ ಎಳ್ದೆ, ದೋಟೀಲಿ. ಅರ್ಧರ್ಧಕ್ಕೆ ಕಿತ್ಬಂದ್ವು. ನಗಾಡ್ದ ಇವ್ನು."

"ಅವೂ ನನ್ ಮದ್ವೆ ಗರೀನೇ ಅಲ್ವಾ? ಆ ಮರ ಹೆಂಗವೆ?"

ಮರುಳಪ್ಪ ತಿರುಗಿ ನೋಡಿದರು. ಬೇಲಿಯ ಮೇಲಿಂದ ಬಾವಿ ಪಕ್ಕದ ಮರಗಳು ಕಾಣುತ್ತಿದ್ದವು. ಒಣಗಿದ ಮೋಟುಗಳು ಮುಳ್ಳಿನಂತೆ ಚಾಚಿಕೊಂಡಿದ್ದವು. ಅವುಗಳ ಮೇಲೆ ಸುಳಿ ಹಸಿರಾಗಿ ನೆಟ್ಟಗಿತ್ತು.

ಹಲಸಿನ ಗಾಯ ತೊಗಟೆ ಬೆಳೆದು ಮುಚ್ಚುತ್ತದೆ. ತೆಂಗಿನ ಗಾಯ ಎಂದೂ ಮುಚ್ಚುವುದಿಲ್ಲ. ಹಸಿ ಗಾಯದ ವಾಸನೆಗೆ ಹುಳು ಬಂದು ಮೊಟ್ಟೆಯಿಡುತ್ತದೆ. ದಂಟು ಉದ್ದವಿದ್ದರೆ, ಮರಿ ಅದನ್ನು ಕೊರೆದು ಕಾಂಡ ತಲುಪುವ ಮೊದಲೇ ದಂಟು ಒಣಗಿಹೋಗುತ್ತದೆ. ಆದರೆ ಇದನ್ನು ಆಗ ಅಲ್ಲಿ ಯಾರೂ ವಿವರಿಸಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಪುಟ್ಟರಾಜುವಿನ ಗರಗಸವನ್ನು.

"ನಿಂಗೆ ಗೊತ್ತಿತ್ತೇನ್ಲಾ?" ಎಂದರು ಮರುಳಪ್ಪ.

ಪುಟ್ಟರಾಜು ಹೆಲ್ಮೆಟ್ಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ಮೊದ್ಲ್ನೇ ಮರಕ್ಕೆ ಹುಳ ಹಿಡ್ದಾಗ ಗೊತ್ತಿರ್ಲಿಲ್ಲ. ಹೋದ ತಿಂಗ್ಳು ಈ ಬೇಲಿ ಮರ ನೋಡಕ್ ಬಂದಾಗ ಗೊತ್ತಾಯ್ತು. ಹೇಳಿದ್ರೆ ಈ ಹೋಬಳೀಲಿ ಯಾವ ತೋಟಕ್ಕೂ ನನ್ನ ಬಿಟ್ಕತ್ತಿರ್ಲಿಲ್ಲ."

"ನನ್ ವಿಷ್ಯ ನಿಮ್ ಇಲಾಖೆ ಅಲ್ಲ, ಅಲ್ವಾ?" ಎಂದಳು ಪ್ರತಿಮಾ.



ಇಲ್ಲಿಂದ ಮುಂದೆ ಎರಡು ಕಡೆಯ ಮಾತು ಬೇರೆಯಾಗುತ್ತದೆ. ರುದ್ರಮ್ಮನವರು ಅಂದು ಸಂಜೆಯೇ ಬ್ಯಾಗಿನಿಂದ ಸೀರೆಗಳನ್ನು ಒಂದೊಂದಾಗಿ ತೆಗೆದು ಬೀರುವಿನಲ್ಲಿ ಜೋಡಿಸಿದರೆಂದೂ, ಹಬ್ಬದ ನಂತರ ಸೊಸೆಯನ್ನು ಕರೆತರಲು ತಾವೇ ಹಳೇಬೀಡಿನ ಬಸ್ಸು ಹತ್ತಿದರೆಂದೂ ಕಣಕಟ್ಟೆ ಕಡೆಯವರು ಹೇಳುತ್ತಾರೆ. ಹಳೇಬೀಡಿನವರು ಬಸ್ಸಿನ ಮಾತನ್ನು ಒಪ್ಪುತ್ತಾರೆ, ಸೀರೆಯದನ್ನು ಒಪ್ಪುವುದಿಲ್ಲ. ಪ್ರತಿಮಾ ಧಾರೆ ಸೀರೆಯನ್ನು ತವರಿನಲ್ಲೇ ಇಟ್ಟು ಬಂದಳಂತೆ. ಅತ್ತೆ ಹೇಗೆ ನಡೆದುಕೊಳ್ಳುತ್ತಾರೋ ನೋಡಿಕೊಂಡು ಆಮೇಲೆ ತರುತ್ತೇನೆ ಎಂದಳಂತೆ.

ಎರಡೂ ಕಡೆಯವರು ಮತ್ತೆ ಒಂದಾಗುವುದು ಮರುವರ್ಷದ ಚಪ್ಪರದಲ್ಲಿ. ಚಿದಂಬರನ ಮಗಳು ಹೇಮಾಶ್ರೀಯ ಮದುವೆ. ಆ ಒಂದು ವರ್ಷವೂ ಪುಟ್ಟರಾಜು ಕರೆಯದಿದ್ದರೂ ಬಂದು, ಹುಳು ಹಿಡಿದ ಮರಗಳ ರಂಧ್ರ ಬಿಡಿಸಿ, ಬೋಳು ಗಾಯಗಳಿಗೆಲ್ಲ ಡಾಂಬರು ಬಳಿದಿದ್ದ. ಬೇಲಿಯ ಮರಗಳಲ್ಲಿ ಒಂದು ಉಳಿಯಿತು, ರಸ್ತೆಸಾಲಿನ ಕೊನೆಯ ಕೆಲವೂ ಉಳಿದವು. ಬೇರೆ ಯಾರೂ ಸಿಗದೆ ಗರಿ ಕತ್ತರಿಸಲು ಮತ್ತೆ ಅವನನ್ನೇ ಕರೆದರು. ಮರುಳಪ್ಪನವರೂ ಈ ಸಲ ಗರಿ ಕೊಟ್ಟರು. ಅವನು ಕೋಲನ್ನೆತ್ತಿ ನಿಂತು ಕೇಳಿದ: "ಎಲ್ಲಿಗೆ ಕುಯ್ಲವ್ವ?"

ಪ್ರತಿಮಾ ಕೆಳಗೆ ಬಿದ್ದಿದ್ದ ಒಂದು ಒಣ ಗರಿಯ ಬುಡವನ್ನು ತನ್ನ ಪಾದದ ಪಕ್ಕ ನೆಲಕ್ಕೂರಿ ನಿಲ್ಲಿಸಿದಳು. ಸೊಂಟದ ಮಟ್ಟಕ್ಕೆ ಕೈಯಿಟ್ಟು ತೋರಿಸಿದಳು. "ಇಲ್ಲೀಗಂಟ ಮರಕ್ಕೇ ಬಿಡಿ."

ಅವನು ಹಾಗೆಯೇ ಕತ್ತರಿಸಿದ. ಅವಳು ಕದಲಲಿಲ್ಲ. ಅವನು ಮುಂದಿನ ಮರಕ್ಕೆ ಹೋದರೆ ಅವಳೂ ಆ ಗರಿ ಹಿಡಿದು ಅದರ ಬುಡಕ್ಕೆ ಹೋಗಿ ನಿಂತಳು. ದೂರದಲ್ಲಿ ಗರಿ ಹೆಣೆಯುತ್ತಿದ್ದ ರುದ್ರಮ್ಮನವರು ನೋಡಿ ನೋಡಿ ಕೂಗಿದರು: "ಬಿಸ್ಲಲ್ ಯಾಕೇ ನಿಂತಿದ್ದೀಯ? ಅಳ್ತೆ ತೋರ್ಸಾಯ್ತಲ್ಲ, ಅವ್ನ್ ಮೇಲೆ ನಂಬ್ಕೆ ಇಲ್ವಾ?"

ಪ್ರತಿಮಾ ಅತ್ತೆಯ ಕಡೆಗೊಮ್ಮೆ ನೋಡಿ, ಮತ್ತೆ ಗರಗಸದ ತುದಿಯ ಕಡೆಗೆ ಕಣ್ಣಿಟ್ಟಳು.

"ನೀವು ನೋಡ್ಕಂಡ್ ಕುಯ್ರಿ, ಪುಟ್ಟರಾಜಣ್ಣ" ಎಂದಳು. "ಅಳ್ತೆ ಮರ್ತೋದ್ರೆ, ನನ್ ಕಾಲು ಇಲ್ಲೇ ಐತೆ."