ನೇತಾಡುತ್ತಿದ್ದ ವೈರು

ಆಯುಧಪೂಜೆಗೆಂದು ಯಂತ್ರಗಳನ್ನೆಲ್ಲ ತೊಳೆದ ಕಂಟ್ರಾಕ್ಟ್ ಆಳು ಪಾಪಣ್ಣ, ಪ್ಯಾಕಿಂಗ್ ಹಾಲಿನ ಗೋಡೆಯಲ್ಲಿದ್ದ, ಕಂಪ್ಯೂಟರ್ ವೈರುಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ಚನ್ನೂ ಬಿಡಲಿಲ್ಲ. ಧೂಳು ಒರೆಸಿ, ಕುಂಕುಮ ಇಟ್ಟು, ಪಕ್ಕದಲ್ಲಿ ನೇತಾಡುತ್ತಿದ್ದ ಹಳೆಯ ವೈರಿನ ತುದಿಯನ್ನು ಖಾಲಿ ತೂತಿಗೆ ಚುಚ್ಚಿದ. ರಜೆ ಮುಗಿಸಿ ಬಂದ ಬೆಳಿಗ್ಗೆ ಹೊಸೂರಿನ ನಮ್ಮ ಕಾರ್ಖಾನೆಯ ಕಂಪ್ಯೂಟರುಗಳೆಲ್ಲ ನಿಂತವು.

ಆ ವೈರಿನ ಇನ್ನೊಂದು ತುದಿ ಕಂಪ್ಯೂಟರ್ ರೂಮಿನ ಸ್ವಿಚ್ಚಿನಲ್ಲಿತ್ತು. ಎರಡೂ ಸ್ವಿಚ್ಚುಗಳ ನಡುವೆ ಒಂದು ವೈರು ಮೊದಲೇ ಇತ್ತು. ಈಗ ಎರಡಾಗಿ ದಾರಿ ಉಂಗುರವಾಯಿತು. ಎಲ್ಲ ಕಂಪ್ಯೂಟರುಗಳಿಗೂ ಎಂದು ಹೊರಟ ಸಂದೇಶ ಅಲ್ಲಿ ಸುತ್ತುತ್ತಲೇ ಇರುತ್ತದೆ. ಅಂಥವು ಸೇರುತ್ತ ಸೇರುತ್ತ ಬೇರೆ ಮಾತಿಗೆ ಜಾಗ ಉಳಿಯುವುದಿಲ್ಲ. ನೆಟ್‌ವರ್ಕ್ ನೋಡಿಕೊಳ್ಳುವ ನಾನು ಹುಡುಕಿ ಆ ವೈರು ಕೀಳುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಮರುದಿನ ಮ್ಯಾನೇಜರ್ ಚಲಪತಿ ಒಂದು ಹಾಳೆ ತಂದಿಟ್ಟರು. ತಪ್ಪು ಪಾಪಣ್ಣನದು ಎಂದಿತ್ತು.

"ಸೈನ್ ಹಾಕು ಮಂಗಳಾ. ನಾಳೆಯಿಂದ ಅವನು ಬೇಡ ಅಂತ ಕಂಟ್ರಾಕ್ಟರಿಗೆ ಹೇಳಿಬಿಡ್ತೀನಿ."

ಬಾಗಿಲಲ್ಲಿ ಪಾಪಣ್ಣ ನಿಂತಿದ್ದ. ಹನ್ನೊಂದು ವರ್ಷದಿಂದ ಬೇರಿಕೆ ಊರಿನ ಬಸ್ಸಿಳಿದು ಇಲ್ಲಿಗೆ ಬರುತ್ತಿದ್ದವನು.

"ಪೂಜೆ ದಿನ ವೈರು ನೇತಾಡ್ತಾ ಇದ್ರೆ ಚೆಂದಾಗಿರ್ತದಾ ಅಮ್ಮಣ್ಣಿ? ತೂತು ಖಾಲಿ ಇತ್ತು, ಚುಚ್ಬುಟ್ಟೆ."

"ನೋಡು, ಒಪ್ಕೊಂಡ," ಎಂದರು ಚಲಪತಿ.

ನಾನು ಹಾಳೆಯನ್ನೇ ನೋಡುತ್ತ ಕುಳಿತೆ. ಇಂಥ ಉಂಗುರವನ್ನು ತಡೆಯುವ ವ್ಯವಸ್ಥೆ ಸ್ವಿಚ್ಚಿನಲ್ಲೇ ಇರುತ್ತದೆ. ಅದರ ಹಳೆಯ ಬಗೆ ನಮ್ಮಲ್ಲಿ ನಡೆಯುತ್ತಿತ್ತು. ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ನೆಟ್‌ವರ್ಕ್ ಸಿಗಲು ಅರ್ಧ ನಿಮಿಷ ಕಾಯಬೇಕಿತ್ತು. ಅಷ್ಟಕ್ಕೆ ಬೇಸತ್ತು, ಜೂನ್‌ನಲ್ಲಿ ಚಲಪತಿ ಅದನ್ನು ನಿಲ್ಲಿಸಲು ಹೇಳಿದ್ದರು. ನಿಲ್ಲಿಸಿದವಳು ನಾನು. ಬೇಡ ಸಾರ್ ಎಂದು ಅಂದು ನಾನು ಹೇಳಿರಲಿಲ್ಲ.

"ಸೈನ್ ಹಾಕಲ್ಲ ಸಾರ್. ಪ್ಯಾಕಿಂಗಿಗೆ ಬನ್ನಿ."

ಆ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು, ಯಾರನ್ನೂ ಕೇಳದೆ, ಎರಡೂ ಸ್ವಿಚ್ಚುಗಳಲ್ಲಿ ಅದೇ ವ್ಯವಸ್ಥೆಯ ಹೊಸ, ವೇಗದ ಬಗೆಯನ್ನು ಶುರುಮಾಡಿದ್ದೆ. ಕಂಪ್ಯೂಟರುಗಳಿಗೆ ಹೋಗುವ ತೂತುಗಳು ಯಾವುವೆಂದು ಸ್ವಿಚ್ಚಿನಲ್ಲಿ ಗುರುತು ಹಾಕಿದ್ದೆ, ಅವು ಇನ್ನು ಅರ್ಧ ನಿಮಿಷ ಕಾಯಬೇಕಿಲ್ಲ.

ಪ್ಯಾಕಿಂಗಿನಲ್ಲಿ ಲೇಬಲ್ ಪ್ರಿಂಟರ್ ಓಡುತ್ತಿತ್ತು. ನೇತಾಡುತ್ತಿದ್ದ ವೈರಿನ ತುದಿಯನ್ನು ಪಾಪಣ್ಣನ ಕೈಗೆ ಕೊಟ್ಟೆ.

"ಎಲ್ಲಿ ಚುಚ್ಚಿದ್ದೆಯೋ ಅಲ್ಲೇ ಚುಚ್ಚು."

"ಬ್ಯಾಡ ಅಮ್ಮಣ್ಣಿ, ಇನ್ನೊಂದ್ಸಲ ನಂಗೆ ತಡಿಯಕ್ಕಾಗಲ್ಲ."

"ಚುಚ್ಚು."

"ಲೈನ್ ನಿಂತ್ರೆ ಇಬ್ಬರೂ ಗೇಟಿನಾಚೆ," ಎಂದರು ಚಲಪತಿ.

"ಆಗ್ಲಿ ಸಾರ್."

ಪಾಪಣ್ಣ ಕಣ್ಣು ಮುಚ್ಚಿ ಚುಚ್ಚಿದ. ಆ ತೂತಿನ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿ ಹಾಗೆಯೇ ನಿಂತಿತು. ಲೇಬಲ್‌ಗಳು ಬರುತ್ತಲೇ ಇದ್ದವು.

"ಸ್ವಿಚ್ಚುಗಳು ಎರಡೆರಡು ಸೆಕೆಂಡಿಗೆ ಸುದ್ದಿ ಕಳಿಸ್ತಾ ಇರ್ತವೆ ಸಾರ್. ಒಂದನ್ನ ತಲೆ ಅಂತ ಒಪ್ಕೊಂಡು, ಅದರ ಕಡೆಗೆ ಒಂದೇ ದಾರಿ ತೆರೀತವೆ. ಹೆಚ್ಚಿನದು ಮುಚ್ಚಿರ್ತದೆ. ಆದ್ರೆ ಅಲ್ಲೂ ಕೇಳಿಸ್ಕೊಳ್ತಾನೇ ಇರ್ತವೆ."

"ಮುಚ್ಚಿದ್ಮೇಲೆ ಅದ್ಯಾಕೆ?"

ಇಡೀ ಹಾಲ್ ನಂಬಿಕೊಂಡಿದ್ದ ಮೊದಲ ವೈರನ್ನು ಕಿತ್ತುಬಿಟ್ಟೆ. ಚಲಪತಿಯ ಕೈ ಮುಂದೆ ಬಂದು ಗಾಳಿಯಲ್ಲೇ ನಿಂತಿತು. ಕಿತ್ತಳೆ ದೀಪ ಹಸಿರಾಯಿತು. ಪ್ರಿಂಟರ್ ಒಂದು ಲೇಬಲ್ ಕೂಡ ತಪ್ಪಿಸಲಿಲ್ಲ.

ಹಾಳೆಯನ್ನು ಸ್ವಿಚ್ಚಿನ ಪೆಟ್ಟಿಗೆಗೆ ಒತ್ತಿ ಹಿಡಿದು, ಪಾಪಣ್ಣನ ಹೆಸರು ಹೊಡೆದು ಬರೆದೆ: 'ಉಂಗುರ ತಡೆಯುವ ವ್ಯವಸ್ಥೆಯನ್ನು ಜೂನ್‌ನಲ್ಲಿ ನಿಲ್ಲಿಸಲಾಗಿತ್ತು. ಹೇಳಿದವರು ಚಲಪತಿ, ನಿಲ್ಲಿಸಿದವಳು ಮಂಗಳಾ.' ಕೆಳಗೆ ಸೈನ್ ಹಾಕಿದೆ.

"ಇದು ಮೇಲೆ ಹೋದ್ರೆ ನಿನಗೂ ಒಳ್ಳೇದಲ್ಲ."

"ಗೊತ್ತು ಸಾರ್. ನೀವು ಕಳಿಸದಿದ್ರೆ ನಾನೇ ಕಳಿಸ್ತೀನಿ."

ಅವರು ಹಾಳೆ ಕಸಿದುಕೊಂಡು ಹೊರಟರು. ಕಂಟ್ರಾಕ್ಟರಿಗೆ ಫೋನು ಹೋಗಲಿಲ್ಲ. ನನ್ನ ವಿಚಾರ ಏನಾಗುವುದೋ ಇನ್ನೂ ತಿಳಿದಿಲ್ಲ.

ಮೊದಲ ವೈರನ್ನು ಮತ್ತೆ ಚುಚ್ಚುತ್ತಿದ್ದಾಗ ಪಾಪಣ್ಣ ಮೆಲ್ಲಗೆ ಕೇಳಿದ, "ನನ್ನ ವೈರು ಕಿತ್ತಾಕ್ಲಾ?"

"ಬೇಡ. ಅದು ಅಲ್ಲೇ ಇರ್ಲಿ."