ಜೆಸಿಬಿ ಎದುರು ಹೋಳಿಗೆ ಯಶೋದಮ್ಮ

ನನ್ನಾಣೆ, ನಿಮ್ಮಾಣೆ, ಪಕ್ಕದಲ್ಲಿ ಕೂತಿರೋರ ಆಣೆಗೂ ಇದರಲ್ಲಿ ಸಾಸಿವೆ ಕಾಳಷ್ಟು ಸುಳ್ಳಿಲ್ಲ. ಗೋವಿಂದರಾಜನಗರದಲ್ಲಿ ಹೋಳಿಗೆ ಯಶೋದಮ್ಮ ಅನ್ನಿ, ಬೀದಿ ನಾಯಿ ಕೂಡ ಮುಂದೆ ಮುಂದೆ ಓಡಿ ಮನೆ ತೋರಿಸ್ತದೆ.

ಅವಳಪ್ಪ ತಿಮ್ಮಯ್ಯ ತೀರ್ಕೊಂಡ್ರು. ವಿಲ್ಲು ಗಿಲ್ಲು ಏನೂ ಇಲ್ಲ. ಮನೆ ಒಂದು, ಮಕ್ಕಳು ಇಬ್ರು. ಗಂಡ ಹೋದ್ಮೇಲೆ ಯಶೋದಮ್ಮ ಅಪ್ಪನ ಜೊತೇಲೇ ಇದ್ದು, ಮುಂದಿನ ರೂಮಲ್ಲಿ ಹೋಳಿಗೆ ಮಾಡಿ ಮಾರ್ತಿದ್ಲು. ಅಣ್ಣ ಚಕ್ರಪಾಣಿ ರಾಜಾಜಿನಗರದಲ್ಲಿ ಸ್ವಂತ ಮನೆ ಕಟ್ಕೊಂಡು ಜುಮ್ಮಂತ ಇದ್ದ. ತಿಥಿ ಊಟದ ಎಲೆ ಇನ್ನೂ ಎತ್ತಿಲ್ಲ, ಒಂದು ಕೈಲಿ ಸೀರೆ, ಇನ್ನೊಂದ್ರಲ್ಲಿ ಪೆನ್ನು ಹಿಡ್ಕೊಂಡು ಬಂದ.

“ಪಾಲು ಬೇಡ ಅಂತ ಒಂದು ಸೈನ್ ಹಾಕ್ಬಿಡು ಕಣಮ್ಮ. ತವರು ಅಂತ ಒಂದು ಉಳಿಯುತ್ತೆ.”

“ಸೀರೆ ಚೆನ್ನಾಗಿದೆ ಅಣ್ಣ. ಅತ್ತಿಗೆಗೆ ಒಪ್ಪುತ್ತೆ, ಕೊಡು.”

ಅವತ್ತೇ ನಾಗರಬಾವಿಗೆ ಓಡಿ ಐಶ್ವರ್ಯ ಅಂತ ಒಬ್ಬ ಲಾಯರ್ ಹುಡುಗೀನ ಹಿಡಿದ್ಲು. ಕೇಸ್ ಹಾಕಿದ ಐಶ್ವರ್ಯ ಹೇಳಿದ್ದು ಇಷ್ಟೇ: “ಆಂಟಿ, ಸ್ಟೇ ಸಿಗೋವರೆಗೂ ಎಲ್ಲೂ ಸೈನ್ ಹಾಕ್ಬೇಡಿ, ಮನೆ ಬಿಟ್ಟು ಕದಲ್ಬೇಡಿ. ಯಾರೇ ಬರ್ಲಿ, ವಿಡಿಯೋ ಮಾಡಿ.”

ಸ್ಟೇ ಸಿಗಬೇಕಾದ ದಿನ ಬೆಳಗ್ಗೇನೇ ಬೀದಿಗೆ ಜೆಸಿಬಿ ಬಂತು! ಅದರ ಗುಡುಗಿಗೆ ಮಾಗಡಿ ರೋಡ್ ಬಸ್ಸಲ್ಲಿ ತೂಕಡಿಸ್ತಿದ್ದೋರೆಲ್ಲ ಬೆಚ್ಚಿ ಎದ್ದು, ಯಾವ್ದೋ ಸ್ಟಾಪಲ್ಲಿ ಇಳ್ಕೊಂಡ್ರಂತೆ. ಕೋರ್ಟು ಬಾಯಿ ಬಿಡೋಷ್ಟರಲ್ಲಿ ಮನೆ ಮಣ್ಣಾಗ್ಲಿ ಅನ್ನೋದೇ ಚಕ್ರಪಾಣಿ ಪ್ಲಾನು. ಮನೇನೇ ಇಲ್ದಿದ್ರೆ ತಂಗಿ ಎಲ್ಲಿ ಕೂತ್ಕೋತಾಳೆ?

ಯಶೋದಮ್ಮ ಬಾಗಿಲಲ್ಲೇ ಸ್ಟೌ ಇಟ್ಕೊಂಡು, ಒಂದು ಕೈಲಿ ಫೋನು, ಒಂದು ಕೈಲಿ ಸೌಟು ಹಿಡ್ಕೊಂಡು ಕೂತ್ಲು. ಜೆಸಿಬಿ ಎದುರಿಗೇ ನಿಂತಿದೆ, ಹೋಳಿಗೆ ಮಾತ್ರ ಸೀಯಿಸ್ಲಿಲ್ಲ.

“ಏಳೇ ಮೇಲೆ!” ಅಂತ ಜೆಸಿಬಿ ಪಕ್ಕದಿಂದ ಚಕ್ರಪಾಣಿ ಗುಡುಗಿದ.

“ಬಿಸಿ ಇದೆ, ತಿಂತೀಯಾ? ಕ್ಯಾಮೆರಾ ನೋಡ್ಕೊಂಡು ಹೇಳು.”

ಆಗ ಅವಳಿಗೆ ಅಣ್ಣನ ಸೊಸೆ ಕವನಾ ನೆನಪಾದ್ಲು. ಹುಡುಗಿ ಬಸುರಿ. ಮೂರು ತಿಂಗಳು ತುಂಬೋವರೆಗೂ ಹೊರಗೆ ಹೇಳ್ಬಾರ್ದಲ್ಲ, ಅದಕ್ಕೆ ಮನೆ ಹೆಂಗಸರು ಬಾಯಿ ಹೊಲ್ಕೊಂಡಿದ್ರು. ಚಕ್ರಪಾಣಿ ಬಾಯಿಗೆ ಬೀಗ ಇಲ್ಲ ಅಂತ ಅವನಿಗೂ ಹೇಳಿರ್ಲಿಲ್ಲ. ಯಶೋದಮ್ಮನ ಕೈಲೂ ಕವನಾ ಆಣೆ ಹಾಕಿಸ್ಕೊಂಡಿದ್ಲು. ಬಸುರಿ ಇರೋ ಮನೆಯವರು ಒಂದು ಇಟ್ಟಿಗೇನೂ ಕೆಡವೋಹಂಗಿಲ್ಲ, ಇಡೀ ಬೆಂಗಳೂರಿಗೇ ಗೊತ್ತು!

ಆಣೆ ಮುರೀಲಿಲ್ಲ ಅವಳು. ಅತ್ತಿಗೆ ಜಯದೇವಿಗೆ ಫೋನ್ ಹಚ್ಚಿ, “ಅತ್ತಿಗೇ, ಅಣ್ಣ ಮನೆ ಕೆಡವೋಕೆ ಜೆಸಿಬಿ ತಂದವ್ನೆ,” ಅಂದ್ಲು. ಅಷ್ಟೇ. ಆ ಕಡೆಯಿಂದ ಬಂದ ಕೂಗಿಗೆ ಫೋನ್ ಕೈಲೇ ಕುಣೀತು.

ಜೆಸಿಬಿ ಕೈ ಎತ್ತಿತು. ಇನ್ನೇನು ಬಾಗಿಲ ಮೇಲಿನ ಸಜ್ಜಕ್ಕೆ ತಗಲಬೇಕು, ಜಯದೇವಿ ಸ್ಕೂಟರ್ ಬಂತು ನೋಡಿ! ಮೂರು ಸಿಗ್ನಲ್ ಹಾರಿ, ಎರಡು ಹಂಪ್ ಮೇಲೆ ಗಾಳೀಲೇ ತೇಲ್ಕೊಂಡು!

“ರೀ! ನಿಲ್ಲಿಸ್ರೀ! ಸೊಸೆ ಬಸುರಿ!”

ಚಕ್ರಪಾಣಿ ಬಾಯಿ ಜೆಸಿಬಿ ಬಕೆಟ್‌ಗಿಂತ ಅಗಲ ಆಯ್ತು. “ಯಾವಾಗಿಂದ?”

“ಅದು ಬೀದೀಲಿ ಕೇಳೋ ಪ್ರಶ್ನೇನಾ?”

ಡ್ರೈವರ್ ವಿಠ್ಠಲ ಬಾಗಲಕೋಟೆ ಕಡೆಯವನು. ಧಡಕ್ಕನೆ ಇಂಜಿನ್ ಬಂದ್ ಮಾಡಿ ಕೆಳಗೆ ಹಾರಿದ. “ಸಾಹೇಬ್ರ, ಬಸುರಿ ಇರೋ ಮನಿಯವ್ರ ಕೆಲ್ಸ ನಾ ಒಲ್ಲೆ. ನನ್ನ ಹೆಂಡ್ತಿಗೆ ಗೊತ್ತಾದ್ರ ನನ್ನ ಕೆಡವ್ತಾಳ್ರಿ!”

“ಶುಭ ಸುದ್ದಿ ಅಣ್ಣ, ಬಾಯಿ ಸಿಹಿ ಮಾಡ್ಕೋ,” ಅಂತ ಯಶೋದಮ್ಮ ಅಣ್ಣನ ಕೈಗೆ ಬಿಸಿ ಹೋಳಿಗೆ ಇಟ್ಲು. ತುಪ್ಪ ಮೊಣಕೈವರೆಗೂ ಸುರೀತು. ಅವನು ಅದನ್ನ ನೆಕ್ತಿರೋವಾಗ್ಲೇ ಐಶ್ವರ್ಯ ಫೋನ್ ಬಂತು: “ಆಂಟೀ, ಸ್ಟೇ ಸಿಕ್ತು! ಕೇಸ್ ಮುಗಿಯೋವರೆಗೂ ಮನೆ ಮುಟ್ಟಂಗಿಲ್ಲ!”

ಬೀದಿ ಹಾಕಿದ ಶಿಳ್ಳೆಗೆ ವಿಜಯನಗರದ ಪಾರಿವಾಳ ಎಲ್ಲ ಕೆಂಗೇರಿಗೆ ಹಾರಿ ಹೋದ್ವು.

ಯಾಕೆ ನಗ್ತೀರಾ? ನಿಮ್ಮ ಮನೇಲೂ ಒಬ್ಬ ತಂಗಿ ಇದಾಳಲ್ವಾ? ಫೋನ್ ತೆಗೀರಿ, ನನ್ನೆದುರಿಗೇ ಅವಳಿಗೆ ಹಚ್ಚಿ. “ನಿನ್ನ ಪಾಲು ನಿಂಗೇ” ಅನ್ನಿ. ಸ್ಪೀಕರ್ ಹಾಕಿ ಸ್ವಲ್ಪ, ನಾನೂ ಕೇಳ್ತೀನಿ.