ಸೆಕೊಂದೊ ಕುಳಿತ ಜಾಗ

ದೆಯಾನಾ ಹತ್ತೊಂಬತ್ತು ವರ್ಷದಿಂದ ಗಾಳಿಯ ಜೊತೆ ಜಗಳವಾಡುತ್ತ ಬಂದವಳು. ರೇಸ್ ಬೈಕುಗಳಿಗೆ ಕಾರ್ಬನ್ ಬಟ್ಟೆಯ ಮೈಕವಚ ಮಾಡುವುದು ಅವಳ ಕಸುಬು. ಲೂಗೊ ಪಟ್ಟಣದಲ್ಲಿ ರೈಲುಹಳಿಗೆ ಅಂಟಿಕೊಂಡ ಮನೆ, ಮನೆಯ ಹಿಂದಿನ ಶೆಡ್ಡೇ ಕಾರ್ಖಾನೆ. ಅವಳ ತಲೆ ತಿನ್ನುತ್ತಿದ್ದುದು ಒಂದೇ ಪ್ರಶ್ನೆ. ನೆಟ್ಟಗೆ ಓಡುವಾಗ ಮೂತಿಯ ಮೇಲಿನ ಪುಟ್ಟ ರೆಕ್ಕೆಗಳು ಬೈಕನ್ನು ನೆಲಕ್ಕೆ ಒತ್ತುತ್ತವೆ, ಸರಿ. ತಿರುವಿನಲ್ಲಿ ಬೈಕು ಪೂರ್ತಿ ವಾಲಿ, ಸವಾರನ ಮೊಣಕೈ ಟಾರಿಗೆ ಉಜ್ಜುವಾಗ ಅವೇ ರೆಕ್ಕೆಗಳು ಅದನ್ನು ಹೊರಕ್ಕೆ ನೂಕುತ್ತವಲ್ಲ, ಆಗೇನು ಮಾಡುವುದು? ಪಕ್ಕೆಯ ಕವಚಕ್ಕೂ ನೆಲಕ್ಕೂ ನಡುವಿನ ಸಂದಿಯಲ್ಲಿ ಗಾಳಿ ಇಕ್ಕಟ್ಟಾಗಿ ನುಗ್ಗಿ, ಬೈಕನ್ನು ಕೆಳಕ್ಕೆ ಹೀರಬೇಕು. ಅದಕ್ಕಾಗಿ ಅವಳು ಕಂಪ್ಯೂಟರಿನಲ್ಲಿ ನಾನೂರ ಹನ್ನೆರಡು ಆಕಾರ ಬರೆದಿದ್ದಳು. ಒಂದೂ ಹೀರಲಿಲ್ಲ.

ಮನೆಯಲ್ಲಿ ಅವಳ ಜೊತೆಗಿದ್ದವನು ಅಪ್ಪ ಸೆಕೊಂದೊ. ಎಂಬತ್ತೊಂದು ವರ್ಷ, ನಿವೃತ್ತ ಸ್ಟೇಷನ್ ಮಾಸ್ತರ. ಮಧ್ಯಾಹ್ನ ಸಾರಿನಲ್ಲಿ ತೇಲುವ ಕಪ್ಪೆಲ್ಲೆತ್ತಿ ಎಂಬ ಪುಟ್ಟ ಚೀಸ್ ಕಡುಬು ಒಂದು ತಟ್ಟೆ, ಕೆಂಪು ವೈನು ಎರಡು ಲೋಟ ಆದಮೇಲೆ, ತಂಪಾಗಿದೆಯೆಂದು ಶೆಡ್ಡಿಗೆ ಬಂದು ಸಿಕ್ಕಿದ್ದರ ಮೇಲೆ ಕೂತು ತೂಕಡಿಸುವುದು ಅವನ ರೂಢಿ. ಮೇ ತಿಂಗಳ ಒಂದು ಬುಧವಾರ ಅವನಿಗೆ ಸಿಕ್ಕಿದ್ದು ನಾನೂರ ಹದಿಮೂರನೆಯ ಆಕಾರದ ಬಲಪಕ್ಕೆ. ಅಂಟುರಾಳ ಇನ್ನೂ ಹಸಿಯಾಗಿತ್ತು. ನಲವತ್ತು ನಿಮಿಷ ನಿದ್ದೆ ಮಾಡಿದ.

"ಅಪ್ಪಾ! ಯಾತರ ಮೇಲೆ ಕೂತಿದೀಯ ಗೊತ್ತಾ?"

"ಗೊತ್ತಿಲ್ಲ. ಮೆತ್ತಗಿದೆ."

"ಏಳು ಮೊದ್ಲು!"

"ಏಳಕ್ಕಾಗ್ತಿಲ್ಲ ಕಣಮ್ಮ. ಹಿಡ್ಕೊಂಡುಬಿಟ್ಟಿದೆ."

ಪ್ಯಾಂಟನ್ನು ಕತ್ತರಿಯಿಂದ ಕತ್ತರಿಸಿ ಅವನನ್ನು ಬಿಡಿಸಬೇಕಾಯಿತು. ಮರುದಿನ ಬೆಳಿಗ್ಗೆಯೇ ಟ್ರ್ಯಾಕಿನಲ್ಲಿ ಪರೀಕ್ಷೆ, ಹೊಸದು ಮಾಡಲು ಹೊತ್ತಿಲ್ಲ. ದೆಯಾನಾ ಹಲ್ಲು ಕಚ್ಚಿ, ಅಂಟಿದ್ದ ಬಟ್ಟೆಯ ಎಳೆಗಳನ್ನು ಕಿತ್ತು, ಅಪ್ಪ ಕೂತು ಬಿದ್ದ ಎರಡು ಕುಳಿಗಳ ಸಮೇತ ಅದನ್ನು ಒಲೆಯಲ್ಲಿ ಬೇಯಿಸಿದಳು.

ಸವಾರ ವಾಯ್ನರ್ ಮೂರು ಸುತ್ತು ಹೊಡೆದು ಬಂದು ಹೆಲ್ಮೆಟ್ ತೆಗೆದ. ಮುಖ ಬಿಳಿಚಿಕೊಂಡಿತ್ತು.

"ಅಕ್ಕಾ, ಏನ್ ಮಾಡಿದೀರ ಇದಕ್ಕೆ? ಬಲಕ್ಕೆ ತಿರುಗಿದ್ರೆ ಯಾರೋ ಕೆಳಗಿಂದ ಕಾಲು ಹಿಡಿದು ಎಳೆದ ಹಾಗಾಗುತ್ತೆ. ಜಾರೋ ಮಾತೇ ಇಲ್ಲ! ಎಡಕ್ಕೆ ಮಾತ್ರ ಅದೇ ಹಳೇ ರಾಗ."

ದೆಯಾನಾ ನಂಬಲಿಲ್ಲ. ಗಾಳಿ ಸುರಂಗವನ್ನು ಎರಡು ದಿನ ಬಾಡಿಗೆಗೆ ಹಿಡಿದು, ಬೈಕನ್ನು ವಾಲಿಸಿ ನಿಲ್ಲಿಸಿ ಹೊಗೆ ಬಿಟ್ಟು ನೋಡಿದಳು. ಹೊಗೆಯ ಎಳೆ ಮೊದಲ ಕುಳಿಗೆ ಸರಕ್ಕನೆ ಇಳಿಯಿತು, ನಡುವಿನ ದಿಣ್ಣೆಯ ಮೇಲೆ ಬಿಗಿಯಿತು, ಎರಡನೆಯ ಕುಳಿಯಲ್ಲಿ ಸಾವಕಾಶವಾಗಿ ಹರಡಿಕೊಂಡಿತು. ಎರಡನೆಯದು ಕೊಂಚ ಆಳ. ಸೊಂಟದ ಶಸ್ತ್ರಚಿಕಿತ್ಸೆಯಾದಾಗಿನಿಂದ ಅಪ್ಪ ಎಡಕ್ಕೆ ಭಾರ ಹಾಕಿ ಕೂರುತ್ತಿದ್ದ. ದೆಯಾನಾ ಹೊರಗೆ ಹೋಗಿ ಕಾರಿನಲ್ಲಿ ಕೂತು ಅತ್ತಳು. ಆ ರಾತ್ರಿಯ ಊಟಕ್ಕೆ, ಅಪ್ಪನ ಮೇಲಿನ ಮುನಿಸಿಗೆ, ಮೇಜಿನ ಮೇಲೆ ಚೀಸನ್ನೇ ಇಡಲಿಲ್ಲ.

"ಏನದು ಮುಖ, ಸುಟ್ಟ ಬದನೆಕಾಯಿ ಹಾಗೆ?" ಸೆಕೊಂದೊ ಕೇಳಿದ.

"ನಿನ್ನ ಕುಂಡೆ ನನಗಿಂತ ಬುದ್ಧಿವಂತ ಕಣಪ್ಪಾ."

ಅವನು ಚಮಚ ಕೆಳಗಿಟ್ಟು ಯೋಚಿಸಿದ. "ಮೂವತ್ತೇಳು ವರ್ಷ ಸರ್ಕಾರಿ ಕುರ್ಚಿ ಮೇಲೆ ಕೂತಿದೆ. ಅನುಭವ ಅಂತ ಒಂದಿರುತ್ತಲ್ಲ."

ಕುಳಿಗಳ ಅಳತೆ ತೆಗೆದು, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಎಡಪಕ್ಕೆಯನ್ನೂ ಮಾಡಿದ್ದಾಯಿತು. ಉಳಿದದ್ದು ರೇಸ್ ಮಂಡಳಿಯಲ್ಲಿ ಅದರ ನೋಂದಣಿ. ಅರ್ಜಿಯಲ್ಲಿ 'ಆಕಾರದ ಮೂಲ' ಎಂಬ ಕಲಮಿತ್ತು. ಸುಳ್ಳು ಹೇಳಿ ಗೊತ್ತಿಲ್ಲದ ದೆಯಾನಾ ಅಲ್ಲಿ 'ತಂದೆ' ಎಂದು ಬರೆದಳು. ನಾಲ್ಕೇ ದಿನಕ್ಕೆ ರೇಸ್ ಮಂಡಳಿಯ ಪರೀಕ್ಷಕ ಬೊನ್‌ಫಾಂತಿ ಚರ್ಮದ ಚೀಲ ಹಿಡಿದು ಬಾಗಿಲಿಗೆ ಬಂದ.

"ಸಿನ್ಯೋರಾ, ಇಲ್ಲಿ 'ತಂದೆ' ಅಂತಿದೆ. ಇದು ಯಾವ ಸಾಫ್ಟ್‌ವೇರು?"

"ಸಾಫ್ಟ್‌ವೇರಲ್ಲ ಸಾರ್. ಅಡುಗೆಮನೇಲಿ ಪೇಪರ್ ಓದ್ತಿದಾರೆ."

ಬೊನ್‌ಫಾಂತಿ ನಗಲಿಲ್ಲ. ನಿಯಮಪುಸ್ತಕ ತೆರೆದು, ಆಕಾರ ಕೊಟ್ಟ ಉಪಕರಣವನ್ನು ಕಣ್ಣಾರೆ ಪರೀಕ್ಷಿಸಬೇಕು ಎಂದ. ಸೆಕೊಂದೊ ಟೈ ಕಟ್ಟಿ, ಹಳೆಯ ಸ್ಟೇಷನ್ ಟೋಪಿ ಇಟ್ಟು ಶೆಡ್ಡಿಗೆ ಬಂದು, ಕವಚದ ಮೇಲೆ ಗಂಭೀರವಾಗಿ ಕೂತ. ಪರೀಕ್ಷಕ ಮಂಡಿಯೂರಿ, ಸಂದಿಯಲ್ಲಿ ಅಳತೆಪಟ್ಟಿ ತೂರಿಸಿ ನೋಡಿದ.

"ಎರಡು ಮಿಲಿಮೀಟರ್ ಸಡಿಲ ಇದೆ."

"ಅವತ್ತು ಊಟ ಆಗಿತ್ತು ಸ್ವಾಮೀ," ಎಂದ ಸೆಕೊಂದೊ. "ಈಗಿನ್ನೂ ಹನ್ನೊಂದು ಗಂಟೆ."

ಊಟದವರೆಗೆ ಕಾದರು. ಬೊನ್‌ಫಾಂತಿಯೂ ಉಂಡ, ಎರಡನೇ ಸಲ ಬಡಿಸಿಕೊಂಡ. ಊಟವಾದ ಮೇಲೆ ಸೆಕೊಂದೊ ಮತ್ತೆ ಕೂತಾಗ ಕೂದಲೆಳೆಯಷ್ಟೂ ಸಂದಿ ಇರಲಿಲ್ಲ. 'ಉಪಕರಣ ಒಂದು, ಸುಸ್ಥಿತಿಯಲ್ಲಿದೆ' ಎಂದು ಪರೀಕ್ಷಕ ಬರೆದುಕೊಂಡ. ಆಮೇಲೆ ಚೀಲದಿಂದ ಸೀಸದ ಮೊಹರು ತೆಗೆದು ಸೆಕೊಂದೊನ ಬೆಲ್ಟಿಗೆ ತಂತಿಯಿಂದ ಬಿಗಿದ.

"ಈ ವರ್ಷದ ರೇಸುಗಳು ಮುಗಿಯೋವರೆಗೂ ಉಪಕರಣದ ಆಕಾರ ಬದಲಾಗೋ ಹಾಗಿಲ್ಲ. ಮೊಹರು ಬಿಚ್ಚೋ ಹಾಗಿಲ್ಲ."

"ಸ್ನಾನ?" ಎಂದಳು ದೆಯಾನಾ.

"ಅದಕ್ಕೆ ಅಧ್ಯಕ್ಷರ ಅನುಮತಿ ಬೇಕು. ಇವತ್ತೇ ಅರ್ಜಿ ಹಾಕಿ."

ಅನುಮತಿ ಬರಲು ಒಂಬತ್ತು ದಿನ ಹಿಡಿಯಿತು. ದೆಯಾನಾ ಕಿಟಕಿಗಳನ್ನೆಲ್ಲ ತೆರೆದಿಟ್ಟಳು. ಸೆಕೊಂದೊ ಮಾತ್ರ ಹಿಗ್ಗಿ ಹೀರೇಕಾಯಾಗಿದ್ದ. ನಿವೃತ್ತನಾದ ಮೇಲೆ ಅವನ ಹೆಸರಿಗೆ ಸರಿಯಾದ ಮೊಹರಿನ ಕಾಗದ ಬಂದದ್ದು ಅದೇ ಮೊದಲು. ಚೌಕದ ಬಾರಿನಲ್ಲಿ ಗೆಳೆಯರು, "ಇನ್ನೊಂದು ಲೋಟ ಹಾಕೋ ಮಾರಾಯ," ಎಂದು ಕಾಡಿದರೆ ಅಂಗಿ ಎತ್ತಿ ಮೊಹರು ತೋರಿಸುತ್ತಿದ್ದ. "ಆಗಲ್ಲ ಕಣ್ರೋ. ದಪ್ಪಾಗೋ ಹಾಗಿಲ್ಲ, ಸಣ್ಣಾಗೋ ಹಾಗಿಲ್ಲ. ಕಾನೂನು."

ಮಿಸಾನೋದ ರೇಸಿಗೆ ಅವನೂ ಹೋದ. ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತ್ತು. ರೇಸು ಶುರುವಾಗುವ ಮುನ್ನ ಎದುರಾಳಿ ತಂಡದ ಎಂಜಿನಿಯರೊಬ್ಬ ಬಿಳಿ ಬಟ್ಟೆ ಹೊದಿಸಿದ ಕುರ್ಚಿಯೊಂದನ್ನು ತಾನೇ ಹೊತ್ತು ತಂದ.

"ತಾತಾ, ವಯಸ್ಸಾದೋರು, ಎಷ್ಟೊತ್ತು ನಿಲ್ತೀರಿ? ಕೂತ್ಕೊಳಿ."

ಸೆಕೊಂದೊ ಬಟ್ಟೆಯನ್ನು ಬೆರಳಿನಿಂದ ಒತ್ತಿದ. ಬೆರಳು ಒಳಗಿಳಿಯಿತು. ಅಚ್ಚು ತೆಗೆಯುವ ಹಸಿ ಜೇಡಿಮಣ್ಣು.

"ದೊಡ್ಡ ಉಪಕಾರವಾಯ್ತಪ್ಪ. ನನಗೆ ನಿಂತೇ ಅಭ್ಯಾಸ."

ಎಂಜಿನಿಯರ್ ಕುರ್ಚಿಯನ್ನು ಅಲ್ಲೇ ಬಿಟ್ಟು ಹತ್ತು ಹೆಜ್ಜೆ ದೂರದಲ್ಲಿ ಕಾದ. ಸೆಕೊಂದೊ ಕಂಬಿ ಹಿಡಿದು, ಆ ಬಿಸಿಲಲ್ಲಿ, ಕೃತಕ ಸೊಂಟದ ಮೇಲೆ ಹದಿನೆಂಟು ಸುತ್ತೂ ನಿಂತ. ವಾಯ್ನರ್ ತಿರುವುಗಳಲ್ಲಿ ಹನ್ನೊಂದು ಜನರನ್ನು ದಾಟಿದ. ನೇರ ದಾರಿಯಲ್ಲಿ ಅವರಲ್ಲಿ ನಾಲ್ವರು ಅವನನ್ನು ಮತ್ತೆ ದಾಟಿದರು. ಆರನೆಯವನಾಗಿ ಮುಗಿಸಿದ. ದೆಯಾನಾಳ ಕವಚ ತೊಟ್ಟ ಯಾವ ಬೈಕೂ ಅಷ್ಟು ಮುಂದೆ ಬಂದಿರಲಿಲ್ಲ.

ದೆಯಾನಾ ಕೂಗುತ್ತ ಓಡಿಬಂದವಳು ಅಪ್ಪ ಕಂಬಿಗೆ ಜೋತು ನಿಂತದ್ದು ನೋಡಿದಳು, ಕುರ್ಚಿ ನೋಡಿದಳು, ಬಟ್ಟೆ ಎತ್ತಿ ನೋಡಿದಳು. ಅವನ ಸೊಂಟ ಬಳಸಿ ಹಿಡಿದಳು.

"ನೋಯ್ತಿದೆಯಾ ಅಪ್ಪಾ?"

"ನೋಯ್ತಿದೆ. ಆರನೇದು ಅಂದ್ರೆ ಕಡಿಮೆ ಆಯ್ತಲ್ವಾ? ನಂದೇನಾದ್ರೂ ತಪ್ಪಿತ್ತಾ?"

"ಇಲ್ಲಪ್ಪಾ," ಎಂದಳು ದೆಯಾನಾ. "ಇಂಜಿನ್ನಿಂದು."